ಮುಂದಿನ ತಿಂಗಳು ಫೋನು ಮಾಡುವವರು ಯಾರು?

(ತಾಲ್ಲೂಕು ಆಸ್ಪತ್ರೆಗಳ ನರ್ಸುಗಳು, ಆಪ್ತಸಮಾಲೋಚಕರು ಮತ್ತು ವೈದ್ಯರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ನಡೆದ ಮಾತುಕತೆಯನ್ನು ಬಿಡಲು ಮನಸ್ಸಾಗಲಿಲ್ಲ.)

ಕೆಲವು ವರ್ಷಗಳ ಹಿಂದೆ ಒಂದು ಸೋಮವಾರ ನಾನು ಕುಡುಕನ ಅಣ್ಣನಾಗಿದ್ದೆ. ತಮ್ಮನ ಪಾತ್ರ ನಮ್ಮ ತಂಡದ ಒಬ್ಬ ಯುವಕನದು. ಆಸ್ಪತ್ರೆಯ ಮುಖ್ಯಸ್ಥರಿಗೆ ಮೊದಲೇ ತಿಳಿಸಿ, ಅವರ ಒಪ್ಪಿಗೆ ಪಡೆದೇ ಹೋಗಿದ್ದೆವು. ಉಳಿದವರಿಗೆ ನಾವು ಯಾರೆಂದು ಗೊತ್ತಿರಲಿಲ್ಲ. ಕುಡಿತ ಬಿಡಬೇಕೆಂದು ಮನಸ್ಸು ಮಾಡಿ ಬಂದವನಿಗೆ ಆ ಕಟ್ಟಡದೊಳಗೆ ಏನೇನಾಗುತ್ತದೆ ಎಂದು ನೋಡುವುದಷ್ಟೇ ನಮ್ಮ ಉದ್ದೇಶ.

ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಚೀಟಿ ಕೊಡುವ ಕಿಟಕಿಯ ಮುಂದೆ ನಿಂತೆವು. ನಮ್ಮ ಸರದಿ ಬಂದಾಗ, ಕುಡಿತ ಬಿಡಿಸುವ ಡಾಕ್ಟರು ಎಲ್ಲಿ ಸಿಗುತ್ತಾರೆ ಎಂದು ನಾನು ಮೆಲ್ಲಗೆ ಕೇಳಿದೆ. ಒಳಗಿದ್ದಾತ ಮೆಲ್ಲಗೆ ಉತ್ತರಿಸಲಿಲ್ಲ. "ಕುಡಿತದ ಕೇಸಾ? ಚೀಟಿ ತೆಗೆದುಕೊಂಡು ಹಿಂದಿನ ಬ್ಲಾಕಿಗೆ ಹೋಗಿ" ಎಂದ. ಸಾಲಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಇಷ್ಟು ವರ್ಷ ಇದೇ ಕೆಲಸ ಮಾಡಿದವನು ನಾನು, ಮೇಲಾಗಿ ನನ್ನದು ಬರೀ ನಟನೆ. ಆದರೂ ಆ ಕ್ಷಣ ಮುಖ ಬಿಸಿಯಾಯಿತು.

ಹಿಂದಿನ ಬ್ಲಾಕಿನಲ್ಲಿ ಕೊಠಡಿಯ ಬಾಗಿಲು ಹಾಕಿತ್ತು. ಡಾಕ್ಟರು ವಾರ್ಡಿನಲ್ಲಿದ್ದಾರೆ, ಬರುತ್ತಾರೆ, ಕುಳಿತಿರಿ ಎಂದರು. ಕುಳಿತೆವು. ನಮ್ಮ ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬಾತ ಹೆಂಡತಿಯ ಜೊತೆ ಬಂದಿದ್ದ. ಚೀಟಿ ಹಿಡಿದ ಕೈ ನಡುಗುತ್ತಿತ್ತು. ನಡುಕ ಕಾಣಬಾರದೆಂದು ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದ. ಹಿಂದಿನ ಸಂಜೆಯಿಂದ ಮುಟ್ಟಿಲ್ಲ ಎಂದು ಆ ಹೆಣ್ಣುಮಗಳು ನನ್ನ ಹತ್ತಿರ ಹೇಳಿಕೊಂಡಳು. ಆ ಮಾತಿನಲ್ಲಿ ಒಂದು ಹೆಮ್ಮೆಯಿತ್ತು. ಹತ್ತಾಯಿತು, ಹನ್ನೊಂದಾಯಿತು. ಹನ್ನೊಂದೂವರೆಗೆ ಆತ ಎದ್ದು, ನೀರು ಕುಡಿದು ಬರುತ್ತೇನೆ ಎಂದು ಹೋದ. ಹೆಂಡತಿ ಚೀಟಿ ಹಿಡಿದುಕೊಂಡು ಕುಳಿತೇ ಇದ್ದಳು. ಆಸ್ಪತ್ರೆಯ ಗೇಟಿನ ಎದುರಿಗೆ, ರಸ್ತೆಯ ಆಚೆ, ವೈನ್ ಶಾಪ್ ಇತ್ತು. ನಮ್ಮ ಊರುಗಳಲ್ಲಿ ಇದಕ್ಕೆ ನಕ್ಷೆ ಬೇಕಿಲ್ಲ.

ಆತ ಹಿಂತಿರುಗಲಿಲ್ಲ.

ಆತನಿಗೆ ಇಚ್ಛಾಶಕ್ತಿ ಇಲ್ಲ ಎಂದು ನಾವು ಬರೆದುಕೊಳ್ಳುತ್ತೇವೆ, ಅದು ನಮಗೆ ಸುಲಭ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ನಿಂತ ಆರೆಂಟು ಗಂಟೆಯಲ್ಲೇ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ದಾಟಿದ ಮೇಲೆ ಕೆಲವರಿಗೆ ಸನ್ನಿ ಹಿಡಿಯುತ್ತದೆ, ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಇಂಥವನಿಗೆ "ಶುಕ್ರವಾರ ಬನ್ನಿ, ಅಲ್ಲಿಯವರೆಗೆ ಕುಡಿಯಬೇಡಿ" ಎನ್ನುವುದು ಒಳ್ಳೆಯ ಬುದ್ಧಿಮಾತಲ್ಲ, ಅಪಾಯದ ಮಾತು. ಆಸ್ಪತ್ರೆಯಲ್ಲಿದ್ದ ವೈದ್ಯರಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಅವರ ವಿದ್ಯೆಯಲ್ಲಿ ಕೊರತೆ ಇರಲಿಲ್ಲ. ಕಿಟಕಿ, ಕಾರಿಡಾರು ಮತ್ತು ಬೆಂಚಿನಲ್ಲಿ ಕೊರತೆ ಇತ್ತು. ಅವುಗಳಿಗೆ ಯಾವ ಕಾರ್ಯಾಗಾರದಲ್ಲೂ ತರಬೇತಿ ಕೊಡುವುದಿಲ್ಲ.

ಹೀಗೆ ರೋಗಿಯ ವೇಷದಲ್ಲಿ ಬಾಗಿಲಿನಿಂದ ಒಳಗೆ ನಡೆದು ನೋಡುವ ಉಪಾಯ ನಮ್ಮದಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಗಸ್ಟಾಫ್‌ಸನ್ ಎಂಬವರ ತಂಡದಿಂದ ಕಲಿತದ್ದು. ಅವರು ವೈದ್ಯರಲ್ಲ, ಇಂಡಸ್ಟ್ರಿಯಲ್ ಎಂಜಿನಿಯರ್. ಕಾರ್ಖಾನೆಯಲ್ಲಿ ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಹುಡುಕುವ ವಿದ್ಯೆ ಅವರದು. 2003ರಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರಗಳನ್ನು ಒಟ್ಟುಗೂಡಿಸಿ ಅವರು ಕಟ್ಟಿದ ಜಾಲದ ಹೆಸರು ನಯಾಟೆಕ್ಸ್. ಅದಕ್ಕೆ ಸೇರಬಯಸುವ ಕೇಂದ್ರಗಳ ಸಿಬ್ಬಂದಿ ಮೊದಲು ತಾವೇ ರೋಗಿಯಂತೆ ಫೋನು ಮಾಡಿ, ದಾಖಲಾತಿಯ ಹಾದಿಯನ್ನು ನಡೆದು ನೋಡಿ, ಕಂಡದ್ದನ್ನು ಬರೆದುಕೊಡಬೇಕಿತ್ತು. ಅಂಥ 327 ವರದಿಗಳನ್ನು ನಂತರ ಒಟ್ಟಿಗೆ ಓದಿದಾಗ ಸಿಕ್ಕಿದ್ದೇನು? ಸಿಬ್ಬಂದಿಯ ನಿರಾಸಕ್ತಿ, ಮುಗಿಯದ ಅರ್ಜಿ ನಮೂನೆಗಳು, ರೋಗಿಯ ಬದುಕಿನ ಗೋಜಲುಗಳಿಗೆ ಜಾಗವಿಲ್ಲದ ವ್ಯವಸ್ಥೆ, ಸರಿಯಿಲ್ಲದ ಕಟ್ಟಡ ಮತ್ತು ಸೌಕರ್ಯ. ಶ್ರೀಮಂತ ದೇಶವಾದರೇನು, ನಮ್ಮ ಕಿಟಕಿಯ ದೊಡ್ಡಪ್ಪನೇ ಅಲ್ಲಿ ಕುಳಿತಿದ್ದ.

ನಯಾಟೆಕ್ಸ್ ಗುರಿಗಳು ನಾಲ್ಕೇ: ಕಾಯುವ ದಿನ ಕಡಿಮೆಯಾಗಬೇಕು, ಬರುತ್ತೇನೆಂದವರು ತಪ್ಪಿಸಿಕೊಳ್ಳುವುದು ಕಡಿಮೆಯಾಗಬೇಕು, ಹೊಸದಾಗಿ ಸೇರುವವರು ಹೆಚ್ಚಬೇಕು, ಸೇರಿದವರು ಉಳಿಯಬೇಕು. ಯಾವ ಮಾತ್ರೆ ಕೊಡಬೇಕು, ಯಾವ ಸಮಾಲೋಚನಾ ವಿಧಾನ ಅನುಸರಿಸಬೇಕು ಎಂಬುದು ಇದರಲ್ಲಿ ಇಲ್ಲವೇ ಇಲ್ಲ. ನನಗೆ ಮೊದಮೊದಲು ಇದು ಸಣ್ಣ ಗುರಿ ಅನ್ನಿಸಿತ್ತು. ಬೆಂಚಿನಿಂದ ಎದ್ದು ಹೋದವನನ್ನು ನೋಡಿದ ಮೇಲೆ ಹಾಗನ್ನಿಸಲಿಲ್ಲ. ಮೊದಲ ಸುತ್ತಿನ 13 ಕೇಂದ್ರಗಳ ಲೆಕ್ಕ 2007ರಲ್ಲಿ ಪ್ರಕಟವಾಯಿತು. ಮೊದಲ ಸಂಪರ್ಕದಿಂದ ಚಿಕಿತ್ಸೆ ಶುರುವಾಗುವವರೆಗಿನ ಅವಧಿ ಸರಾಸರಿ 19.6 ದಿನದಿಂದ 12.4 ದಿನಕ್ಕೆ ಇಳಿದಿತ್ತು. ಮೊದಲ ಭೇಟಿಯ ನಂತರ ಎರಡನೆಯದಕ್ಕೂ ಬಂದವರು ನೂರಕ್ಕೆ 72 ಇದ್ದದ್ದು 85 ಆಗಿತ್ತು.

ಇಷ್ಟಕ್ಕೂ ಅವರು ಮಾಡಿದ್ದೇನು? ಇಂಗ್ಲಿಷಿನಲ್ಲಿ ಇದನ್ನು ಲರ್ನಿಂಗ್ ಕೊಲ್ಯಾಬರೇಟಿವ್ ಎನ್ನುತ್ತಾರೆ. ನಾನು ಕಲಿಕಾ ಬಳಗ ಎಂದು ಕರೆಯುತ್ತೇನೆ. ಇದರ ಅಚ್ಚು ರೂಪುಗೊಂಡದ್ದು ಬಾಸ್ಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಹೆಲ್ತ್‌ಕೇರ್ ಇಂಪ್ರೂವ್‌ಮೆಂಟ್ ಸಂಸ್ಥೆಯಲ್ಲಿ, 1995ರ ಸುಮಾರಿಗೆ. ಒಂದೇ ಕಷ್ಟ ಇರುವ ಹಲವು ಆಸ್ಪತ್ರೆಗಳು ಒಂದು ವರ್ಷದ ಮಟ್ಟಿಗೆ ಜೊತೆಯಾಗುತ್ತವೆ. ಮೂರು ಬಾರಿ ಸೇರುತ್ತವೆ. ಸೇರುವಿಕೆಗಳ ನಡುವೆ ತಮ್ಮ ತಮ್ಮ ಜಾಗದಲ್ಲಿ ಸಣ್ಣ ಬದಲಾವಣೆ ಮಾಡಿ ನೋಡುತ್ತವೆ, ಎಲ್ಲರೂ ಒಂದೇ ಅಂಕಿಯನ್ನು ಎಣಿಸುತ್ತಾರೆ, ಎಣಿಸಿದ್ದನ್ನು ಮುಚ್ಚಿಡದೆ ತೋರಿಸುತ್ತಾರೆ. ಬೇರೆಯವರ ಉಪಾಯವನ್ನು ನಾಚಿಕೆಯಿಲ್ಲದೆ ಕದಿಯಿರಿ ಎಂಬ ತಮಾಷೆಯ ಮಾತು ಈ ಬಳಗಗಳಲ್ಲಿ ಬಳಕೆಯಲ್ಲಿದೆ.

ನಿಮ್ಮಲ್ಲಿ ಅರ್ಧಕ್ಕರ್ಧ ಜನ ಒಕ್ಕಲು ಮನೆತನದವರು. ನಿಮ್ಮ ತಂದೆ ಹೊಸ ತಳಿಯ ಬೀಜ ಹಾಕಿದ್ದು ಯಾರ ಮಾತು ಕೇಳಿ? ಕೃಷಿ ಮೇಳದ ಭಾಷಣ ಕೇಳಿಯೇ? ಪಕ್ಕದ ಹೊಲದವನು ಎರಡು ಸಾಲು ಹಾಕಿದ, ಬೇಲಿಯ ಈಚೆಯಿಂದ ಒಂದು ಬೆಳೆ ನೋಡಿದರು, ಮುಂದಿನ ಮಳೆಗೆ ತಾವೂ ಎರಡು ಸಾಲು ಹಾಕಿದರು. ಇಡೀ ಹೊಲ ಯಾರೂ ಹಾಕುವುದಿಲ್ಲ. ಆ ಎರಡು ಸಾಲನ್ನೇ ಗುಣಮಟ್ಟದ ಶಾಸ್ತ್ರದವರು ಯೋಜಿಸು, ಮಾಡು, ನೋಡು, ತಿದ್ದು ಎಂಬ ಚಕ್ರವಾಗಿ ಬರೆದಿದ್ದಾರೆ. ಶೂಹಾರ್ಟ್, ಡೆಮಿಂಗ್ ಮುಂತಾದ ಸಂಖ್ಯಾಶಾಸ್ತ್ರಜ್ಞರ ಕಾಲದಿಂದ ಬಂದ ಚಕ್ರ ಅದು. ಹೆಸರು ದೊಡ್ಡದು, ಒಳಗಿರುವುದು ಎರಡು ಸಾಲು ರಾಗಿ.

ನಮ್ಮ ಎರಡು ಸಾಲಿನ ವಿಷಯ ಹೇಳುತ್ತೇನೆ. ಐದು ಆಸ್ಪತ್ರೆಗಳು ಸೇರಿ ನಾವೂ ಒಂದು ಬಳಗ ಕಟ್ಟಿಕೊಂಡೆವು. ಅದರಲ್ಲಿ ಅತಿ ಚಿಕ್ಕ ಆಸ್ಪತ್ರೆಯ ನರ್ಸ್ ಒಬ್ಬರು ಒಂದು ದಾರಿ ಹುಡುಕಿದರು: ಗೇಟಿನ ಕಾವಲುಗಾರನಿಗೆ ಹೇಳಿಟ್ಟು, ಕೈ ನಡುಗುತ್ತಿರುವವರನ್ನು ಚೀಟಿಯ ಸಾಲಿಗೆ ಕಳಿಸದೆ ನೇರವಾಗಿ ತಮ್ಮ ಬಳಿ ಕರೆತರುವ ದಾರಿ. ಇನ್ನೊಂದು ಆಸ್ಪತ್ರೆಯ ವೈದ್ಯರಿಗೆ ಇದು ಒಪ್ಪಿಗೆಯಾಗಲಿಲ್ಲ. ಬಸುರಿಯರೂ ಮುದುಕರೂ ಸಾಲಿನಲ್ಲಿ ನಿಂತಿರುವಾಗ ಕುಡಿದವನನ್ನು ಮೊದಲು ಬಿಟ್ಟರೆ ಗಲಾಟೆಯಾಗುತ್ತದೆ ಎಂದರು. ನ್ಯಾಯವಾದ ಅನುಮಾನವೇ. ವಾದ ಬೆಳೆಸಲಿಲ್ಲ. ಒಂದು ದಿನ, ಒಬ್ಬ ರೋಗಿ, ನೋಡೋಣ ಎಂದೆವು. ಆ ದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು "ಮೊದಲು ಅವನನ್ನು ಕರೆದುಕೊಂಡು ಹೋಗಿ, ಇಲ್ಲೇ ಬೀಳುವ ಹಾಗಿದ್ದಾನೆ" ಎಂದರಂತೆ. ಮರುದಿನ ವೈದ್ಯರೇ ಇಬ್ಬರನ್ನು ಹಾಗೆ ಕರೆಸಿದರು.

ಎಲ್ಲವೂ ಹೀಗೆ ಕೈಹಿಡಿಯಲಿಲ್ಲ. ಎರಡನೇ ಭೇಟಿಗೆ ಬಾರದವರಿಗೆ ಫೋನು ಮಾಡೋಣವೆಂದರೆ ಯಾರೂ ಎತ್ತುತ್ತಿರಲಿಲ್ಲ. ಕುಡಿಯುವವನ ಮೊಬೈಲು ಅವನ ಬಳಿ ಇರುವುದೇ ಅಪರೂಪ. ಅಡವಿಟ್ಟಿರುತ್ತಾನೆ, ಕಳೆದಿರುತ್ತಾನೆ, ಇಲ್ಲವೇ ಅಪರಿಚಿತ ನಂಬರಿಗೆ ಹೆದರುತ್ತಾನೆ, ಸಾಲ ಕೊಟ್ಟವರು ಇರುತ್ತಾರಲ್ಲ. ಬರೆದುಕೊಳ್ಳಬೇಕಾದ್ದು ಅಕ್ಕನ ನಂಬರು ಅಥವಾ ಹೈಸ್ಕೂಲಿಗೆ ಹೋಗುವ ಮಗಳ ನಂಬರು, ಅದೂ ರೋಗಿಯನ್ನು ಕೇಳಿ, ಅವನು ಒಪ್ಪಿದ ಮೇಲೆ. ಇಷ್ಟು ತಿಳಿಯಲು ನಮಗೆ ನಾಲ್ಕು ತಿಂಗಳು ಬೇಕಾಯಿತು.

ಇನ್ನೊಂದು ಪೆಟ್ಟು ತಿಂದೆವು, ಅದು ಹೆಚ್ಚು ನೋವಿನದು. ನಾವು ನಮಗಾಗಿ ಎಣಿಸಿಟ್ಟಿದ್ದ ಅಂಕಿಗಳು ಹೇಗೋ ಮೇಲಿನ ಪರಿಶೀಲನಾ ಸಭೆಯೊಂದರ ಪರದೆಯ ಮೇಲೆ ಬಂದವು. ಮೊದಲ ಸ್ಥಾನ, ಕೊನೆಯ ಸ್ಥಾನ ಎಂದು ಬಣ್ಣ ಹಚ್ಚಿ ತೋರಿಸಿದರು. ಕೊನೆಯಲ್ಲಿದ್ದವರಿಗೆ ಎಲ್ಲರ ಮುಂದೆ ನಾಲ್ಕು ಮಾತು. ಮರು ತಿಂಗಳು ಐದೂ ಆಸ್ಪತ್ರೆಗಳ ಅಂಕಿ ಒಮ್ಮೆಲೇ ಸುಧಾರಿಸಿತು. ಆ ಸುಧಾರಣೆಯ ಸುದ್ದಿ ರೋಗಿಗಳಿಗೆ ಮಾತ್ರ ತಲುಪಿರಲಿಲ್ಲ. ಅಂಕಿಯನ್ನು ಕಲಿಯಲು ಬಳಸಿ ಇಲ್ಲವೇ ಬಯ್ಯಲು ಬಳಸಿ. ಒಂದೇ ಪುಸ್ತಕದಲ್ಲಿ ಎರಡೂ ಆಗುವುದಿಲ್ಲ. ಮತ್ತೆ ನಿಜ ಬರೆಯುವ ಧೈರ್ಯ ಜನರಿಗೆ ಬರಲು ಅರ್ಧ ವರ್ಷ ಹಿಡಿಯಿತು.

ಇದಕ್ಕೆ ತದ್ವಿರುದ್ಧವಾದ ದೃಶ್ಯ ಪೂರ್ವ ಲಂಡನ್ನಿನದು. ಟವರ್ ಹ್ಯಾಮ್ಲೆಟ್ಸ್ ಎಂಬಲ್ಲಿನ ಮನೋವೈದ್ಯಕೀಯ ವಾರ್ಡುಗಳು ಹೊಡೆದಾಟ ಕಡಿಮೆ ಮಾಡಲು ಹೀಗೆಯೇ ಜೊತೆಗೂಡಿದವು. ಅಧಿಕ ಚಿಹ್ನೆಯ ಆಕಾರದ ಒಂದು ಕ್ಯಾಲೆಂಡರು, ದಿನಕ್ಕೊಂದು ಮನೆ. ಹೊಡೆದಾಟ ನಡೆದ ದಿನಕ್ಕೆ ಒಂದು ಬಣ್ಣ, ನಡೆಯದ ದಿನಕ್ಕೆ ಮತ್ತೊಂದು. ಅದನ್ನು ಅಧಿಕಾರಿಯ ಕೋಣೆಯಲ್ಲಿಟ್ಟು ಬೀಗ ಹಾಕಲಿಲ್ಲ. ವಾರ್ಡಿನ ಸಭೆಯಲ್ಲಿ ರೋಗಿಗಳ ಜೊತೆಗೇ ಕುಳಿತು, ಈ ವಾರ ಹೀಗೇಕಾಯಿತು ಎಂದು ಮಾತಾಡಿದರು. ಸಿಬ್ಬಂದಿ ಪಾಳಿಯ ನಡುವೆ ಕೆಲವೇ ನಿಮಿಷ ನಿಂತುಕೊಂಡೇ ಸೇರಿ, ಯಾರು ಇವತ್ತು ಕಸಿವಿಸಿಯಲ್ಲಿದ್ದಾರೆ, ಅವರಿಗೆ ಏನು ಬೇಕು ಎಂದು ವಿಚಾರಿಸಿಕೊಂಡರು. ದೈಹಿಕ ಹಿಂಸೆಯ ಪ್ರಕರಣಗಳು ಸುಮಾರು ಶೇಕಡಾ 40ರಷ್ಟು ಇಳಿದವು. ರೋಗಿಗಳೇ ಲೆಕ್ಕದ ಪಾಲುದಾರರು ಎಂಬುದನ್ನು ನಮ್ಮ ಬಳಗ ಇನ್ನೂ ಕಲಿಯಬೇಕಿದೆ. ನಮ್ಮ ಸಭೆಗಳಲ್ಲಿ ಕುಡಿತ ಬಿಟ್ಟವರು ಅನುಭವ ಹೇಳಿ, ಚಪ್ಪಾಳೆ ತೆಗೆದುಕೊಂಡು ಹೋಗುತ್ತಾರೆ. ನಿರ್ಧಾರದ ಹೊತ್ತಿಗೆ ಅವರು ಬಸ್ಸಿನಲ್ಲಿರುತ್ತಾರೆ.

ಈಗ ನಾನು ಹೇಳಲು ಬಂದ ಮಾತಿಗೆ ಬರುತ್ತೇನೆ. ಇದು ಇವತ್ತಿನ ಸಭೆಯ ಸಂಘಟಕರಿಗೆ ಅಷ್ಟೇನೂ ಹಿತವಾಗಲಿಕ್ಕಿಲ್ಲ.

ಬಳಗ ಕಟ್ಟುವುದೆಂದರೆ ಹಲವು ಕೆಲಸಗಳ ಕಟ್ಟು: ಸಮಾವೇಶ, ಗುಂಪು ಕರೆ, ಪ್ರತ್ಯೇಕ ಮಾರ್ಗದರ್ಶನ. ಇವುಗಳಲ್ಲಿ ನಿಜಕ್ಕೂ ಕೆಲಸ ಮಾಡುವುದು ಯಾವುದು? ಗಸ್ಟಾಫ್‌ಸನ್ ತಂಡ ತನ್ನದೇ ಮನೆಯ ಅಡಿಪಾಯವನ್ನು ಅಗೆದು ನೋಡುವ ಧೈರ್ಯ ಮಾಡಿತು. ಮ್ಯಾಸಚೂಸೆಟ್ಸ್, ಮಿಷಿಗನ್, ನ್ಯೂಯಾರ್ಕ್, ಆರೆಗಾನ್, ವಾಷಿಂಗ್ಟನ್ ಎಂಬ ಐದು ರಾಜ್ಯಗಳ 201 ಚಿಕಿತ್ಸಾಲಯಗಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಎಲ್ಲರೂ ಸೇರುವ ಮಾಸಿಕ ಫೋನ್ ಸಭೆ ಮಾತ್ರ. ಇನ್ನೊಂದಕ್ಕೆ ಮುಖಾಮುಖಿ ಸಮಾವೇಶ ಮಾತ್ರ. ಮೂರನೆಯದಕ್ಕೆ ಒಬ್ಬ ಅನುಭವಿ ಮಾರ್ಗದರ್ಶಕ: ಆತ ಒಮ್ಮೆ ಬಂದು ಜಾಗ ನೋಡುತ್ತಾನೆ, ಆಮೇಲೆ ತಿಂಗಳಿಗೊಮ್ಮೆ ಅವರಿಗೆಂದೇ ಫೋನು ಮಾಡುತ್ತಾನೆ. ನಾಲ್ಕನೆಯದಕ್ಕೆ ಈ ಮೂರೂ.

ಫಲಿತಾಂಶ 2013ರಲ್ಲಿ ಬಂತು. ಗುಂಪು ಫೋನ್ ಸಭೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವೇ ಆಗಿರಲಿಲ್ಲ. ಸಮಾವೇಶಗಳಿಂದ ಕಾಯುವ ಅವಧಿ ಸರಾಸರಿ 3.5 ದಿನ ಇಳಿದಿತ್ತು, ಆದರೆ ಹೊಸ ರೋಗಿಗಳ ಸಂಖ್ಯೆ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಮಾರ್ಗದರ್ಶಕ ಇದ್ದಲ್ಲಿ ಕಾಯುವುದು 4.6 ದಿನ ಇಳಿದಿತ್ತು, ಹೊಸ ರೋಗಿಗಳು ಶೇಕಡಾ 19.5ರಷ್ಟು ಹೆಚ್ಚಿದ್ದರು. ಮೂರನ್ನೂ ಕೊಟ್ಟ ಗುಂಪಿನ ಸಾಧನೆ ಒಟ್ಟಿನಲ್ಲಿ ಮಾರ್ಗದರ್ಶಕ ಮಾತ್ರ ಇದ್ದ ಗುಂಪಿನಷ್ಟೇ. ಖರ್ಚು ಮಾತ್ರ ಚಿಕಿತ್ಸಾಲಯಕ್ಕೆ 7930 ಡಾಲರ್, ಮಾರ್ಗದರ್ಶಕನದು 2878. ಇನ್ನೊಂದನ್ನೂ ಹೇಳಿಬಿಡಬೇಕು: ಸೇರಿದ ರೋಗಿಗಳು ಚಿಕಿತ್ಸೆಯಲ್ಲಿ ಉಳಿಯುವ ವಿಷಯದಲ್ಲಿ ನಾಲ್ಕರಲ್ಲಿ ಯಾವ ಗುಂಪಿಗೂ ಗಮನಾರ್ಹ ಗೆಲುವು ಸಿಗಲಿಲ್ಲ. ಬಾಗಿಲು ಅಗಲವಾಯಿತು, ಒಳಗಿನ ಕೆಲಸ ಹಾಗೇ ಉಳಿಯಿತು.

ಇದನ್ನು ಓದಿದ ದಿನ ನಮ್ಮ ಸಭಾಂಗಣಗಳು ನೆನಪಾದವು. ಬ್ಯಾನರು, ದೀಪ ಬೆಳಗುವುದು, ಕಿಟ್ ಬ್ಯಾಗು, ಹಾಜರಿ ಸಹಿ, ಮಧ್ಯಾಹ್ನದ ಊಟ, ಸಂಜೆಯ ಪ್ರಮಾಣಪತ್ರ. ನನ್ನ ಮನೆಯಲ್ಲಿ ಅಂಥ ಬ್ಯಾಗುಗಳು ಎಷ್ಟಿವೆ ಎಂದರೆ ತರಕಾರಿಗೆ ಹೋಗುವಾಗ ಯಾವ ಕಾರ್ಯಾಗಾರವನ್ನು ಹೆಗಲಿಗೆ ಹಾಕಿಕೊಳ್ಳಲಿ ಎಂದು ಆರಿಸಬೇಕಾಗುತ್ತದೆ. ಸಮಾವೇಶ ಬೇಡ ಎನ್ನುತ್ತಿಲ್ಲ. ಕಾವಲುಗಾರನ ಉಪಾಯ ನಮಗೆ ಸಿಕ್ಕಿದ್ದು ಅಂಥದ್ದೇ ಒಂದು ಸಭೆಯಲ್ಲಿ, ಕೈ ತೊಳೆಯುವ ಜಾಗದಲ್ಲಿ. ಆದರೆ ಊರಿಗೆ ಹೋದ ಮೇಲೆ ಅದನ್ನು ಮಾಡಿದಿರಾ, ಏನಾಯಿತು, ಯಾರು ಅಡ್ಡಬಂದರು ಎಂದು ಕೇಳುವ ಒಂದು ದನಿ ಇಲ್ಲದಿದ್ದರೆ, ಉಪಾಯ ಬ್ಯಾಗಿನಲ್ಲೇ ಉಳಿಯುತ್ತದೆ.

ಕರ್ನಾಟಕಕ್ಕೆ ಇದು ಹೊಸ ಪಾಠವೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳ ಚಿಕಿತ್ಸೆ ಕಲಿಸಿತು. ಕಲಿಸಿ ಕೈತೊಳೆದುಕೊಳ್ಳಲಿಲ್ಲ, ಜಿಲ್ಲೆಯ ತಂಡವೊಂದು ಅವರ ಬೆನ್ನಿಗೆ ನಿಂತು ಮೇಲ್ವಿಚಾರಣೆ ನಡೆಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶವೇ ಬಳ್ಳಾರಿಯನ್ನು ಮಾದರಿ ಮಾಡಿಕೊಂಡಿತು. ಮಾದರಿ ಊರೂರಿಗೆ ಹರಡುವಾಗ ತರಬೇತಿ ಹರಡಿತು, ಬೆನ್ನಿಗೆ ನಿಲ್ಲುವವರು ಹಲವೆಡೆ ಹಿಂದುಳಿದರು. ಇದು ನನ್ನ ಅನಿಸಿಕೆ, ಜಗಳಕ್ಕೆ ಬರುವವರು ಬರಬಹುದು.

ಇತ್ತೀಚಿನದೆಂದರೆ ಎಕೋ. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಯಕೃತ್ತಿನ ತಜ್ಞ ಸಂಜೀವ್ ಅರೋರಾ 2003ರಲ್ಲಿ, ಹೆಪಟೈಟಿಸ್ ಸಿ ರೋಗಿಗಳು ದೂರದೂರದಿಂದ ಬಂದು ತಿಂಗಳುಗಟ್ಟಲೆ ಕಾಯುವುದನ್ನು ನೋಡಲಾಗದೆ, ಹಳ್ಳಿಗಾಡಿನ ವೈದ್ಯರನ್ನು ವಾರವಾರ ವಿಡಿಯೋದಲ್ಲಿ ಸೇರಿಸಿ ಅವರ ರೋಗಿಗಳ ಬಗ್ಗೆಯೇ ಚರ್ಚಿಸತೊಡಗಿದರು. 2011ರ ವರದಿಯಂತೆ ಆ ವೈದ್ಯರ ರೋಗಿಗಳು ಗುಣವಾದ ಪ್ರಮಾಣ ವಿಶ್ವವಿದ್ಯಾಲಯದ ಆಸ್ಪತ್ರೆಯದಕ್ಕೆ ಸರಿಸಮ. ನಿಮ್ಹಾನ್ಸ್ ಇದೇ ದಾರಿಯನ್ನು 2014ರಿಂದ ವ್ಯಸನ ಮತ್ತು ಮಾನಸಿಕ ಆರೋಗ್ಯಕ್ಕೆ ತಂದಿತು. ನಿಮ್ಮಲ್ಲಿ ಹಲವರು ಅದರಲ್ಲಿ ಕುಳಿತವರೇ. ಕ್ಯಾಮೆರಾ ಆಫ್ ಮಾಡಿ ಕುಳಿತವರೂ ಇದ್ದೀರಿ, ನಾನೂ ಕುಳಿತಿದ್ದೇನೆ. ಒಂದು ಮಾತು ಗಮನಿಸಿ: ತನ್ನ ರೋಗಿಯ ಪ್ರಕರಣ ಮಂಡಿಸಿದವನು ಆ ದಿನ ಕಲಿಯುತ್ತಾನೆ, ಕೇಳಿಸಿಕೊಂಡವನಿಗೆ ಹಾಜರಿ ಸಿಗುತ್ತದೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆ ಇರುವ ನೂರು ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಅವರೆಲ್ಲ ಮನೆಯಲ್ಲೇ ಉಳಿದವರು ಎಂದು ನಾವು ಅಂದುಕೊಂಡಿದ್ದೇವೆ. ಕೆಲವರು ನಮ್ಮ ಬೆಂಚಿನವರೆಗೆ ಬಂದು ಹೋಗಿದ್ದಾರೆ.

ನನ್ನ ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ನರ್ಸ್ ಒಬ್ಬರು ಎದ್ದರು. "ಸರ್, ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕೊಠಡಿ ಮಾಡಿದೆವು. ಬಾಗಿಲ ಮೇಲೆ ಮದ್ಯವ್ಯಸನ ಚಿಕಿತ್ಸೆ ಎಂದು ದೊಡ್ಡದಾಗಿ ಬರೆಸಿದೆವು. ಜನ ಬರಲಿಲ್ಲ" ಎಂದರು.

"ಆಮೇಲೆ ಏನು ಮಾಡಿದಿರಿ ಸಿಸ್ಟರ್?"

"ಬೋರ್ಡ್ ಒರೆಸಿ ಕೊಠಡಿ 6 ಎಂದಷ್ಟೇ ಬರೆದೆ."

"ಎಷ್ಟು ವ್ಯತ್ಯಾಸವಾಯಿತು?"

ಅವರು ಕೈಚೀಲದಿಂದ ಉದ್ದನೆಯ ನೋಟುಬುಕ್ಕೊಂದನ್ನು ತೆಗೆದು ಪುಟ ಹುಡುಕತೊಡಗಿದರು. ಪುಟ ಸಿಗುವ ಮೊದಲೇ ಎರಡು ಸಾಲು ಮುಂದಿದ್ದ ಪಕ್ಕದ ತಾಲ್ಲೂಕಿನ ಆಪ್ತಸಮಾಲೋಚಕರು ಕುರ್ಚಿ ತಿರುಗಿಸಿಕೊಂಡು, "ಬೋರ್ಡ್ ಒರೆಸಲು ನಿಮ್ಮ ಡಾಕ್ಟರು ಒಪ್ಪಿದರೇ ಮೇಡಂ?" ಎಂದು ಕೇಳಿದರು. ಅವರು ಒಪ್ಪಲಿಲ್ಲ, ಭಾನುವಾರ ಒರೆಸಿದೆ ಎಂದರು ಈಕೆ. ಸಭೆ ನಕ್ಕಿತು. ಊಟದ ಹೊತ್ತಿಗೆ ಆ ಆಪ್ತಸಮಾಲೋಚಕರು ಈಕೆಯ ನೋಟುಬುಕ್ಕಿನ ಎರಡು ಪುಟಗಳ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಅವರ ಮೊಬೈಲ್ ಸಂಖ್ಯೆಯನ್ನು ನನ್ನ ಡೈರಿಯಲ್ಲಿ, ಮುಂದಿನ ತಿಂಗಳ ಮೊದಲ ಗುರುವಾರದ ಪುಟದಲ್ಲಿ ಬರೆದುಕೊಂಡೆ.